ಜೀಪಿಗೆ ಎರಡನೇ ಬ್ಯಾಟರಿ: ಯಾರಿಗೆ ಬೇಕು, ಹೇಗೆ ಜೋಡಿಸಬೇಕು?

ಗಾಡಿಯ ಬ್ಯಾಟರಿ ನಿಜವಾಗಿ ಕಷ್ಟಪಡುವುದು ಎರಡು-ಮೂರು ಸೆಕೆಂಡು ಮಾತ್ರ. ಕೀಲಿ ತಿರುಗಿಸಿದಾಗ ಡೀಸೆಲ್ ಜೀಪಿನ ಸ್ಟಾರ್ಟರ್ ಮೋಟರ್ ಸುಮಾರು 300 ಆಂಪಿಯರ್ ಎಳೆಯುತ್ತದೆ. ಎಂಜಿನ್ ಹತ್ತಿಕೊಂಡ ಮೇಲೆ ದೀಪ, ಹಾರ್ನ್, ವೈಪರ್ ಎಲ್ಲದರ ಹೊಣೆಯೂ ಆಲ್ಟರ್ನೇಟರಿನದು. ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಅದು ವಿದ್ಯುತ್ ತಯಾರಿಸುತ್ತದೆ, ಬ್ಯಾಟರಿಯಿಂದ ಹೋದದ್ದನ್ನೂ ತುಂಬಿಕೊಡುತ್ತದೆ. 300 ಆಂಪಿಯರ್ ದೊಡ್ಡ ಸಂಖ್ಯೆಯೇ. ಆದರೆ ಎರಡು ಸೆಕೆಂಡಿಗೆ ಲೆಕ್ಕ ಹಾಕಿದರೆ ಖರ್ಚಾಗುವುದು 0.2 ಆಂಪಿಯರ್-ಅವರ್‌ಗಿಂತ ಕಡಿಮೆ. ಅದೇ ಗಾಡಿಯಲ್ಲಿ 12 ವೋಲ್ಟಿನ ಚಿಕ್ಕ ಫ್ರಿಜ್ ಇಟ್ಟು ರಾತ್ರಿ ಹತ್ತು ಗಂಟೆ ಓಡಿಸಿದರೆ ಸುಮಾರು 20 ಆಂಪಿಯರ್-ಅವರ್ ಹೋಗುತ್ತದೆ. ಅಂದರೆ ನೂರು ಸಲ ಸೆಲ್ಫ್ ಹೊಡೆಯಲು ಬೇಕಾದಷ್ಟು ವಿದ್ಯುತ್ ಒಂದೇ ರಾತ್ರಿಯಲ್ಲಿ ಖಾಲಿ. ಬೆಳಿಗ್ಗೆ ಎದ್ದು ಕೀಲಿ ತಿರುಗಿಸಿದರೆ ‘ಟಿಕ್ ಟಿಕ್’ ಶಬ್ದವಷ್ಟೇ. ಕೊಡಗಿನ ಅಥವಾ ಸಕಲೇಶಪುರದ ಕಡೆಯ ತೋಟದ ದಾರಿಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಇಬ್ಬರೇ ಇರುವಾಗ ಎರಡು ಟನ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುವುದು ಸುಲಭದ ಮಾತಲ್ಲ.

ಇದಕ್ಕೆ ಪರಿಹಾರವಾಗಿ ಎರಡನೇ ಬ್ಯಾಟರಿ ಹಾಕಿಸುವುದು ಈಗ ಥಾರ್, ಜಿಪ್ಸಿ, ಬೊಲೆರೊ ಇಟ್ಟುಕೊಂಡವರಲ್ಲಿ ಸಾಮಾನ್ಯವಾಗುತ್ತಿದೆ. ಅದರ ಜೊತೆಗೇ ಕೆಲವು ತಪ್ಪು ಕಲ್ಪನೆಗಳೂ ಹರಡಿವೆ. ಅವುಗಳಲ್ಲಿ ಕೆಲವು ದುಡ್ಡು ಕಳೆಯುತ್ತವೆ, ಒಂದೆರಡು ಗಾಡಿಗೆ ಬೆಂಕಿಯನ್ನೇ ಹಚ್ಚಬಲ್ಲವು.

ಕಾಡುದಾರಿಗೆ ಬೇಕಾದದ್ದೇ?

ಮೊದಲ ತಪ್ಪು ಕಲ್ಪನೆ ಇಲ್ಲೇ ಇದೆ. ಮಡಿಕೇರಿಯ ಹತ್ತಿರ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಜೀಪುಗಳನ್ನು ನೋಡಿ. ಕಲ್ಲು, ಕೆಸರು, ಕಡಿದಾದ ಏರು, ಎಲ್ಲವನ್ನೂ ದಾಟಿಕೊಂಡು ಹೋಗುವ ಇಂಥ ಗಾಡಿಗಳಿಗೆ ಒಂದು ಬ್ಯಾಟರಿ ಧಾರಾಳ ಸಾಕು. ಏರು ಹತ್ತುವಾಗ ಎಂಜಿನ್ ಓಡುತ್ತಿರುತ್ತದೆ, ಆಲ್ಟರ್ನೇಟರ್ ತಿರುಗುತ್ತಿರುತ್ತದೆ. ಎರಡನೇ ಬ್ಯಾಟರಿ ಬೇಕಾಗುವುದು ಗಾಡಿ ಓಡುವಾಗಲ್ಲ, ಎಂಜಿನ್ ಆರಿಸಿ ಗಂಟೆಗಟ್ಟಲೆ ನಿಂತು ವಿದ್ಯುತ್ ಬಳಸುವಾಗ. ಫ್ರಿಜ್, ಟೆಂಟಿನ ದೀಪ, ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ಚಾರ್ಜಿಂಗ್, ರಾತ್ರಿ ಉಸಿರಾಟಕ್ಕೆ ಯಂತ್ರ ಬಳಸುವವರ ಸಿಪ್ಯಾಪ್: ಇವುಗಳ ಮಾತು.

ವಿಂಚ್ ಇದ್ದರೆ ಎರಡು ಬ್ಯಾಟರಿ ಇರಲೇಬೇಕು ಎಂಬ ಮಾತೂ ಇದೆ. ವಿಂಚ್ ಪೂರ್ಣ ಭಾರ ಎಳೆಯುವಾಗ 400 ಆಂಪಿಯರ್ ಹತ್ತಿರ ಕೇಳುವುದು ನಿಜ. ಆದರೆ ಅದನ್ನು ಬಳಸುವುದು ಎಂಜಿನ್ ಓಡುತ್ತಿರುವಾಗ, ಕೆಲವೇ ನಿಮಿಷ, ನಡುನಡುವೆ ಬಿಡುವು ಕೊಟ್ಟು. ಸುಸ್ಥಿತಿಯಲ್ಲಿರುವ ಸ್ಟಾರ್ಟಿಂಗ್ ಬ್ಯಾಟರಿ ಅದಕ್ಕೆ ಸಾಕಾಗುತ್ತದೆ. ವಿಂಚನ್ನು ಎರಡನೇ ಬ್ಯಾಟರಿಗೆ ಜೋಡಿಸಿ, ಆ ಬ್ಯಾಟರಿಗೆ ತೆಳ್ಳನೆಯ ಚಾರ್ಜಿಂಗ್ ತಂತಿ ಎಳೆದಿದ್ದರೆ ಕೆಲಸ ಇನ್ನೂ ಕೆಡುತ್ತದೆ.

ಎರಡು ತಿಂಗಳಿಗೊಮ್ಮೆ ಒಂದು ರಾತ್ರಿ ಹೊರಗೆ ತಂಗುವವರಿಗೆ ನನ್ನ ಸಲಹೆ ಬೇರೆ. ಗಾಡಿಗೆಂದೇ ಮಾಡಿದ ಫ್ರಿಜ್‌ಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಇಳಿದಾಗ ತಾನಾಗಿ ಆರಿಕೊಳ್ಳುವ ವ್ಯವಸ್ಥೆ ಇರುತ್ತದೆ. ಅದನ್ನು ‘ಹೈ’ಗೆ ಇಟ್ಟುಕೊಂಡರೆ ಸ್ಟಾರ್ಟ್ ಮಾಡುವಷ್ಟು ವಿದ್ಯುತ್ ಉಳಿಯುತ್ತದೆ. ಜೊತೆಗೆ ಅಂಗೈಯಗಲದ ಜಂಪ್ ಸ್ಟಾರ್ಟರ್ ಒಂದಿದ್ದರೆ ಸಾಕು. ಎರಡನೇ ಬ್ಯಾಟರಿಯ ಪೂರ್ತಿ ವ್ಯವಸ್ಥೆಗೆ ಆಗುವ ಖರ್ಚಿನ ಸಣ್ಣ ಭಾಗದಲ್ಲಿ ಇದು ಮುಗಿಯುತ್ತದೆ.

ರೈಲಿನಲ್ಲಿ ಇದು ಹಳೆಯ ಉಪಾಯ

ಒಂದೇ ಬಂಡಿಯಲ್ಲಿ ಎರಡು ಬ್ಯಾಟರಿ ವ್ಯವಸ್ಥೆ ಇಡುವುದು ಹೊಸದೇನಲ್ಲ. ಮೈಸೂರಿನ ಅಶೋಕಪುರಂನಲ್ಲಿ ನೈಋತ್ಯ ರೈಲ್ವೆಯ ಕಾರ್ಯಾಗಾರವಿದೆ. ಪ್ರಯಾಣಿಕರ ಬೋಗಿಗಳು ನಿಯತಕಾಲಿಕ ದುರಸ್ತಿಗೆ ಬರುವ ಜಾಗ ಅದು. ಹಳೆಯ ಮಾದರಿಯ ಬೋಗಿಯ ಅಡಿಯಲ್ಲಿ ಬಗ್ಗಿ ನೋಡಿದರೆ ದೊಡ್ಡದೊಂದು ಪೆಟ್ಟಿಗೆ ನೇತಾಡುವುದು ಕಾಣುತ್ತದೆ. ಅದರೊಳಗಿರುವುದು 110 ವೋಲ್ಟಿನ ಬ್ಯಾಟರಿಗಳ ಸಾಲು. ಚಕ್ರದ ಅಚ್ಚಿಗೆ ಬೆಲ್ಟ್ ಮೂಲಕ ಜೋಡಿಸಿದ ಆಲ್ಟರ್ನೇಟರ್, ರೈಲು ಓಡುವಾಗ ಅದನ್ನು ತುಂಬಿಸುತ್ತದೆ. ರೈಲು ನಿಲ್ದಾಣದಲ್ಲಿ ನಿಂತಾಗಲೂ ನಿಮ್ಮ ತಲೆಯ ಮೇಲಿನ ಫ್ಯಾನ್ ತಿರುಗುವುದು ಈ ಬ್ಯಾಟರಿಯಿಂದ. ಮುಂದಿರುವ ಡೀಸೆಲ್ ಲೋಕೋಮೋಟಿವ್ ಸ್ಟಾರ್ಟ್ ಆಗಲು ಅದರದ್ದೇ ಬೇರೆ ಬ್ಯಾಟರಿ. ಬೋಗಿಯ ದೀಪಗಳು ರಾತ್ರಿಯಿಡೀ ಉರಿದು ಬ್ಯಾಟರಿ ಬರಿದಾದರೂ ಲೋಕೋಮೋಟಿವ್‌ಗೆ ಅದರ ಬಿಸಿ ತಟ್ಟುವುದಿಲ್ಲ. (ಹೊಸ ರೈಲುಗಳಲ್ಲಿ ಬೋಗಿಗಳಿಗೆ ಮೇಲಿನ ವಿದ್ಯುತ್ ತಂತಿಯಿಂದಲೇ ಲೋಕೋಮೋಟಿವ್ ಮೂಲಕ ವಿದ್ಯುತ್ ಬರುತ್ತದೆ, ಆ ಕಥೆ ಬೇರೆ.)

ಜೀಪಿನಲ್ಲೂ ಸಾಧಿಸಬೇಕಾದದ್ದು ಇದನ್ನೇ. ಓಡುವಾಗ ಎರಡೂ ಬ್ಯಾಟರಿ ತುಂಬಬೇಕು, ನಿಂತಾಗ ಒಂದಕ್ಕೊಂದು ಸಂಬಂಧ ಇರಬಾರದು. ಇಲ್ಲಿ ಕಷ್ಟವೆಂದರೆ ಎರಡಕ್ಕೂ ಇರುವ ಆಲ್ಟರ್ನೇಟರ್ ಒಂದೇ.

‘ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್’ ಸಾಲದೇ?

ಸಾಲದು. ಎರಡನ್ನೂ ನೇರವಾಗಿ ಜೋಡಿಸಿದರೆ ಅದು ಎರಡು ಬ್ಯಾಟರಿಯಲ್ಲ, ಒಂದು ದೊಡ್ಡ ಬ್ಯಾಟರಿ. ಫ್ರಿಜ್ ಎರಡನ್ನೂ ಒಟ್ಟಿಗೆ ಬರಿದು ಮಾಡುತ್ತದೆ. ಬೆಳಿಗ್ಗೆ ಎರಡೂ ಸತ್ತಿರುತ್ತವೆ. ಒಂದರ ಒಳಗಿನ ಸೆಲ್ ಕೆಟ್ಟರೆ ಅದು ಇನ್ನೊಂದನ್ನೂ ಸದಾ ಹೀರುತ್ತಿರುತ್ತದೆ. ಹೀಗೆ ಜೋಡಿಸಿದ ಕೂಡಲೇ ಸ್ಫೋಟವಾಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಸುಸ್ಥಿತಿಯ ಎರಡು ಸೀಸ-ಆಮ್ಲ ಬ್ಯಾಟರಿಗಳ ವಿಷಯದಲ್ಲಿ ಅದು ಅತಿಶಯೋಕ್ತಿ. ಒಂದು ತುಂಬಿ (12.7 ವೋಲ್ಟ್), ಇನ್ನೊಂದು ಬರಿದಾಗಿದ್ದರೂ (11.8 ವೋಲ್ಟ್) ವ್ಯತ್ಯಾಸ ಒಂದು ವೋಲ್ಟೂ ಇಲ್ಲ. ಕೆಲವು ಹತ್ತು ಆಂಪಿಯರ್ ಹರಿದು ತಣ್ಣಗಾಗುತ್ತದೆ.

ನಿಜವಾದ ಅಪಾಯ ಇರುವುದು ಲಿಥಿಯಂ ಬ್ಯಾಟರಿಯನ್ನು ಹೀಗೆ ಜೋಡಿಸಿದಾಗ. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ವಿದ್ಯುತ್ ಬೇಡುವುದನ್ನು ಕಡಿಮೆ ಮಾಡುತ್ತದೆ. ಲಿಥಿಯಂ ಹಾಗಲ್ಲ. ಅದರ ಒಳ ಪ್ರತಿರೋಧ ತೀರಾ ಕಡಿಮೆಯಾದ್ದರಿಂದ ಆಲ್ಟರ್ನೇಟರ್ ಎಷ್ಟು ಕೊಟ್ಟರೂ ಸಾಲದೆಂದು ಬಹುತೇಕ ತುಂಬುವವರೆಗೂ ಎಳೆಯುತ್ತಲೇ ಇರುತ್ತದೆ. ಗಾಡಿ ಟ್ರಾಫಿಕ್‌ನಲ್ಲಿ ಐಡಲ್‌ನಲ್ಲಿರುವಾಗ ಆಲ್ಟರ್ನೇಟರಿನ ಒಳಗಿನ ಫ್ಯಾನ್ ನಿಧಾನ ತಿರುಗುತ್ತಿರುತ್ತದೆ, ಗಾಳಿ ಸಾಲದೆ ಅದು ಕಾದು ಸುಟ್ಟುಹೋಗಬಹುದು.

ರಿಲೇಯೋ, ಡಿಸಿ-ಡಿಸಿ ಚಾರ್ಜರೋ

ಎರಡು ಬ್ಯಾಟರಿಗಳ ನಡುವೆ ಕಾವಲುಗಾರನೊಬ್ಬ ಬೇಕು. ಸರಳವಾದದ್ದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ, ಇದನ್ನು ವಿಎಸ್ಆರ್ ಎನ್ನುತ್ತಾರೆ. ಎಂಜಿನ್ ಓಡುವಾಗ ಸ್ಟಾರ್ಟಿಂಗ್ ಬ್ಯಾಟರಿಯ ವೋಲ್ಟೇಜ್ 14ರ ಆಸುಪಾಸಿಗೆ ಏರುತ್ತದೆ. ಅದು 13.3 ದಾಟಿದೊಡನೆ ರಿಲೇ ಎರಡನ್ನೂ ಸೇರಿಸುತ್ತದೆ. ಎಂಜಿನ್ ಆರಿ ವೋಲ್ಟೇಜ್ 12.8ರ ಹತ್ತಿರ ಇಳಿದಾಗ ಬೇರ್ಪಡಿಸುತ್ತದೆ. (ಈ ಅಂಕಿಗಳು ಕಂಪನಿಯಿಂದ ಕಂಪನಿಗೆ ತುಸು ಬದಲಾಗುತ್ತವೆ.) ಹಳೆಯ ಜಿಪ್ಸಿ, ಮೇಜರ್, ಕಮಾಂಡರ್‌ನಂಥ ಗಾಡಿಗೆ, ಎರಡೂ ಸೀಸದ ಬ್ಯಾಟರಿಗಳೇ ಆಗಿದ್ದರೆ, ಇದು ಅಗ್ಗದ ಮತ್ತು ನಂಬಿಕೆಯ ಉಪಾಯ.

ಹೊಸ ಗಾಡಿಗಳಲ್ಲಿ ಇದು ಕೈಕೊಡಬಹುದು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಇಂಧನ ಉಳಿಸಲು ಹಲವು ಗಾಡಿಗಳು ‘ಸ್ಮಾರ್ಟ್’ ಆಲ್ಟರ್ನೇಟರ್ ಬಳಸುತ್ತವೆ. ಬ್ಯಾಟರಿ ತುಂಬಿದೆ ಎನ್ನಿಸಿದಾಗ ಗಾಡಿಯ ಕಂಪ್ಯೂಟರ್ ಆಲ್ಟರ್ನೇಟರಿನ ವೋಲ್ಟೇಜನ್ನು 12.5ರವರೆಗೂ ಇಳಿಸುತ್ತದೆ, ಬ್ರೇಕ್ ಒತ್ತಿದಾಗ 15ರ ಹತ್ತಿರಕ್ಕೆ ಏರಿಸುತ್ತದೆ. ಪಾಪ, ವಿಎಸ್ಆರ್‌ಗೆ ಇದು ತಿಳಿಯದು. ಎಂಜಿನ್ ಆರಿದೆ ಎಂದು ಭಾವಿಸಿ ಸಂಪರ್ಕ ಕಡಿಯುತ್ತದೆ. ನೀವು ಮೂರು ಗಂಟೆ ಓಡಿಸಿದರೂ ಹಿಂದಿನ ಬ್ಯಾಟರಿ ತುಂಬಿರುವುದಿಲ್ಲ. ನಿಮ್ಮ ಗಾಡಿ ಯಾವ ಬಗೆಯದೆಂದು ತಿಳಿಯಲು ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್ ಸಾಕು. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸುವಾಗ ಪಕ್ಕದಲ್ಲಿ ಕೂತವರು ಅದನ್ನು ಗಮನಿಸಲಿ.

ಅಂಕಿ ಮೇಲೆ-ಕೆಳಗೆ ಓಡಾಡುತ್ತಿದ್ದರೆ, ಅಥವಾ ಎರಡನೆಯದು ಲಿಥಿಯಂ ಆಗಿದ್ದರೆ, ಬೇಕಾದದ್ದು ಡಿಸಿ-ಡಿಸಿ ಚಾರ್ಜರ್. ಇದು ಬರೀ ಸ್ವಿಚ್ ಅಲ್ಲ. ಒಳಗೆ ಬರುವ ವೋಲ್ಟೇಜ್ 12 ಇರಲಿ, 15 ಇರಲಿ, ಎರಡನೇ ಬ್ಯಾಟರಿಗೆ ಬೇಕಾದ 14.4 ವೋಲ್ಟನ್ನೇ ತಯಾರಿಸಿ ಕೊಡುತ್ತದೆ. 25 ಆಂಪಿಯರ್ ಅಥವಾ 40 ಆಂಪಿಯರ್ ಎಂದು ಮಿತಿಯನ್ನೂ ಹಾಕುವುದರಿಂದ ಆಲ್ಟರ್ನೇಟರಿಗೆ ಹೊರೆಯಾಗುವುದಿಲ್ಲ. ಸ್ಮಾರ್ಟ್ ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಇದರ ಇಗ್ನಿಷನ್ ತಂತಿಯನ್ನು ಕೀಲಿ ಹಾಕಿದಾಗ ಮಾತ್ರ ವಿದ್ಯುತ್ ಬರುವ ಕಡೆಗೆ ಜೋಡಿಸಲೇಬೇಕು. ಇಲ್ಲದಿದ್ದರೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಚಾರ್ಜರಿಗೆ ಗೊತ್ತಾಗುವುದಿಲ್ಲ.

ಒಂದು ವಿಷಯ ನೆನಪಿರಲಿ: ಡಿಸಿ-ಡಿಸಿ ಚಾರ್ಜರ್ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಮುಂದಿನ ಬ್ಯಾಟರಿ ಸತ್ತರೆ ಹಿಂದಿನದು ತಾನಾಗಿ ಗಾಡಿ ಸ್ಟಾರ್ಟ್ ಮಾಡಿಕೊಡುವುದಿಲ್ಲ. ಅದಕ್ಕೆ ಜಂಪರ್ ಕೇಬಲ್ ಜೊತೆಗಿರಬೇಕು. ಆ ಬ್ಯಾಟರಿ ಲಿಥಿಯಂ ಆಗಿದ್ದರೆ, ಅಷ್ಟೊಂದು ಆಂಪಿಯರ್ ಒಮ್ಮೆಲೇ ಕೊಡಲು ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಬಿಡುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ.

ಎಷ್ಟು ದೊಡ್ಡದು, ಯಾವ ಬಗೆಯದು

ಲೆಕ್ಕ ಕಷ್ಟವಲ್ಲ. 45 ವ್ಯಾಟಿನ ಫ್ರಿಜ್ 12 ವೋಲ್ಟಿನಲ್ಲಿ ಸುಮಾರು 3.75 ಆಂಪಿಯರ್ ಎಳೆಯುತ್ತದೆ. ಅದರ ಕಂಪ್ರೆಸರ್ ಅರ್ಧ ಹೊತ್ತು ಓಡುತ್ತದೆಂದು ಹಿಡಿದರೆ ದಿನಕ್ಕೆ 45 ಆಂಪಿಯರ್-ಅವರ್. 10 ವ್ಯಾಟಿನ ಎಲ್ಇಡಿ ನಾಲ್ಕು ಗಂಟೆಗೆ 3.3. ಎರಡು ಫೋನ್ ಸೇರಿ 2.5ರಿಂದ 3. ಒಟ್ಟು ಸುಮಾರು 51.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸುತ್ತಾ ಹೋದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 100 ಎಎಚ್‌ನ ಬ್ಯಾಟರಿಯಲ್ಲಿ ಬಳಸಬಹುದಾದದ್ದು 50, ಒಂದು ದಿನದ ಲೆಕ್ಕ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80ರವರೆಗೂ ನಿಶ್ಚಿಂತೆಯಿಂದ ಬಳಸಬಹುದು. ಸೀಸದ್ದು 25ರಿಂದ 30 ಕಿಲೋ ತೂಗಿದರೆ ಇದು 12 ಕಿಲೋ ಆಸುಪಾಸು. ಮರಳಿ ತುಂಬುವ ವೇಗದಲ್ಲೂ ವ್ಯತ್ಯಾಸವಿದೆ. 25 ಆಂಪಿಯರ್ ಚಾರ್ಜರ್ ಇದ್ದರೆ ಮೈಸೂರಿನಿಂದ ಮಡಿಕೇರಿಗೆ ಹೋಗುವ ಸುಮಾರು 120 ಕಿಲೋಮೀಟರ್, ಮೂರು ಗಂಟೆಯ ದಾರಿಯಲ್ಲಿ ಲಿಥಿಯಂ ಆ 50 ಎಎಚ್ ಅನ್ನು ತುಂಬಿಕೊಂಡು ಮುಗಿಸಿರುತ್ತದೆ. ಸೀಸದ ಬ್ಯಾಟರಿ ಬೇಗ 80 ಶೇಕಡಾ ಮುಟ್ಟಿದರೂ ಕೊನೆಯ 20 ಶೇಕಡಾಕ್ಕೆ ಗಂಟೆಗಟ್ಟಲೆ ಎಳೆಯುತ್ತದೆ. ಬೆಲೆ ಮಾತ್ರ ಲಿಥಿಯಂದೇ ಹೆಚ್ಚು.

ಲಿಥಿಯಂ ಎಂದ ಕೂಡಲೇ ಫೋನ್ ಹೊತ್ತಿಕೊಂಡ ಸುದ್ದಿ ನೆನಪಾಗುವವರಿಗೆ: ಫೋನಿನ ಬ್ಯಾಟರಿಯ ರಸಾಯನವೇ ಬೇರೆ. ಐರನ್ ಫಾಸ್ಫೇಟ್ ಬಗೆಯದು ಬಿಸಿಗೆ ಹೆಚ್ಚು ತಾಳಿಕೊಳ್ಳುತ್ತದೆ, ಬೆಂಕಿ ಹತ್ತುವ ಸಾಧ್ಯತೆ ಕಡಿಮೆ. ಆದರೂ ಅದನ್ನು ಬಾನೆಟ್ ಕೆಳಗೆ ಇಡಬಾರದು. ಎಂಜಿನ್ ಬಿಸಿಗೆ ಅದರ ರಕ್ಷಣಾ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ, ಸೆಲ್‌ಗಳೂ ಬೇಗ ಸವೆಯುತ್ತವೆ. ಸೀಸದ ಬ್ಯಾಟರಿಗೂ ಬಿಸಿ ಒಳ್ಳೆಯದಲ್ಲ, ತಾಪ 10 ಡಿಗ್ರಿ ಹೆಚ್ಚಿದಂತೆ ಅದರ ಆಯಸ್ಸು ಸರಿಸುಮಾರು ಅರ್ಧವಾಗುತ್ತದೆ.

ಇನ್ನು ‘ಮನೆಯ ಇನ್ವರ್ಟರಿನ ಹಳೆಯ ಬ್ಯಾಟರಿ ಇದೆಯಲ್ಲ, ಅದನ್ನೇ ಹಾಕೋಣ’ ಎನ್ನುವುದು. ಮೈಸೂರಿನಲ್ಲಿ ಎಷ್ಟೋ ಮನೆಗಳ ಮೆಟ್ಟಿಲ ಕೆಳಗೆ 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ ಇರುತ್ತದೆ, ಆಸೆ ಸಹಜ. ದಯವಿಟ್ಟು ಬೇಡ. ಅದು ಒಂದೆಡೆ ಅಲ್ಲಾಡದೆ ಕೂರಲೆಂದು ಮಾಡಿದ್ದು, ತೂಕ 50 ಕಿಲೋ ದಾಟುತ್ತದೆ. ಗಾಡಿ ಓರೆಯಾದಾಗ ಗಂಧಕಾಮ್ಲ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಹೈಡ್ರೋಜನ್ 4 ಶೇಕಡಾ ಸೇರಿದರೂ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ, ಕಿಟಕಿ ಮುಚ್ಚಿ ಮಲಗುವ ಗಾಡಿಯೊಳಗೆ ಇದು ಆಟವಲ್ಲ. ಕ್ಯಾಬಿನ್ ಒಳಗೆ ಇಡುವುದಾದರೆ ಪೂರ್ತಿ ಮುಚ್ಚಿದ ಎಜಿಎಂ ಬಗೆಯ ಸೀಸದ ಬ್ಯಾಟರಿ ಅಥವಾ ಲಿಥಿಯಂ ಮಾತ್ರ. ಯಾವುದೇ ಆದರೂ ಗಾಡಿಯ ಲೋಹದ ಮೈಗೆ ಬೋಲ್ಟ್ ಹಾಕಿದ ತಟ್ಟೆಯಲ್ಲಿ ಕೂರಿಸಿ, ಮೇಲಿನಿಂದ ಪಟ್ಟಿ ಬಿಗಿಯಬೇಕು. ಗಾಡಿ ಮಗುಚಿದರೆ ಬಿಗಿಯದ ಬ್ಯಾಟರಿ ಒಳಗಿರುವವರ ಮೇಲೆ ಕಲ್ಲಿನಂತೆ ಬೀಳುತ್ತದೆ.

ತಂತಿ ಮತ್ತು ಫ್ಯೂಸ್

ಈ ಭಾಗವನ್ನು ಮಾತ್ರ ಅವಸರದಲ್ಲಿ ಓದಬೇಡಿ. ‘ಬರೀ 12 ವೋಲ್ಟ್, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ, ತೆಳು ವೈರ್ ಸಾಕು’ ಎಂಬ ಮಾತು ಸುಳ್ಳಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಶಾಕ್ ಹೊಡೆಯುವುದಿಲ್ಲ, ಸರಿ. ಆದರೆ ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಹೆಚ್ಚು ಬೇಕು, ತಂತಿಯನ್ನು ಬಿಸಿ ಮಾಡುವುದು ಆಂಪಿಯರ್. 1200 ವ್ಯಾಟಿನ ಕೆಟಲ್ ಮನೆಯ 230 ವೋಲ್ಟಿನಲ್ಲಿ 5 ಆಂಪಿಯರ್ ಚಿಲ್ಲರೆ ಎಳೆದರೆ, 12 ವೋಲ್ಟಿನಿಂದ ಅದನ್ನೇ ನಡೆಸಲು 100 ಆಂಪಿಯರ್ ಬೇಕು.

ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್, ಹೋಗಿ ಬರಲು 10 ಮೀಟರ್ ತಾಮ್ರದ ತಂತಿ ಎಂದಿಟ್ಟುಕೊಳ್ಳಿ. 30 ಆಂಪಿಯರ್ ಹರಿದಾಗ, ಮನೆಯ ಪ್ಲಗ್ ಪಾಯಿಂಟ್‌ಗೆ ಎಳೆಯುವ 2.5 ಸ್ಕ್ವೇರ್ ಎಂಎಂ ವೈರ್‌ನಲ್ಲಿ 2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಆಲ್ಟರ್ನೇಟರಿನ 14 ಹಿಂದೆ ತಲುಪುವಾಗ 12. 6 ಸ್ಕ್ವೇರ್ ಎಂಎಂ ಆದರೆ ನಷ್ಟ ಸುಮಾರು 0.9 ವೋಲ್ಟ್, 16 ಆದರೆ 0.3. 25 ಆಂಪಿಯರ್ ಚಾರ್ಜರಿಗೆ 16 ಸ್ಕ್ವೇರ್ ಎಂಎಂ ಕೇಬಲ್ ಹಾಕಿಸಿ. ಲಗ್‌ಗಳನ್ನು ಇಕ್ಕಳದಲ್ಲಿ ಜಜ್ಜದೆ, ಕ್ರಿಂಪಿಂಗ್ ಟೂಲ್ ಇರುವವರಿಂದಲೇ ಒತ್ತಿಸಿ.

ಫ್ಯೂಸ್ ಇರುವುದು ಫ್ರಿಜ್ಜನ್ನೋ ಚಾರ್ಜರನ್ನೋ ಕಾಪಾಡಲು ಎಂದು ಹಲವರು ತಿಳಿದಿದ್ದಾರೆ. ಅದು ಕಾಪಾಡುವುದು ತಂತಿಯನ್ನು. ಕಲ್ಲುದಾರಿಯಲ್ಲಿ ಗಾಡಿ ಕುಲುಕುವಾಗ ಪಾಸಿಟಿವ್ ಕೇಬಲ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಒಂದು ದಿನ ಹರಿಯುತ್ತದೆ. ಗಾಡಿಯ ಮೈಯೇ ನೆಗೆಟಿವ್. ತಾಮ್ರ ತಗಡಿಗೆ ತಾಗಿದ ಕ್ಷಣ ಬ್ಯಾಟರಿ ಸಾವಿರ ಆಂಪಿಯರ್‌ಗೂ ಹೆಚ್ಚು ಹರಿಸಬಲ್ಲದು. ಕೇಬಲ್ ಕೆಂಪಗೆ ಕಾದು ಅದರ ಹೊದಿಕೆ, ಪಕ್ಕದ ಕಾರ್ಪೆಟ್, ಸೀಟಿನ ಸ್ಪಂಜು ಹೊತ್ತಿಕೊಳ್ಳುತ್ತದೆ. ಕೀಲಿ ತೆಗೆದರೂ ಇದು ನಿಲ್ಲುವುದಿಲ್ಲ.

ಈ ಕೇಬಲಿನ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಎರಡೂ ತುದಿಯಲ್ಲಿ ಫ್ಯೂಸ್ ಬೇಕು. ಮುಂದೊಂದು ಹಾಕಿ ಹಿಂದೆ ಬಿಟ್ಟರೆ ಹಿಂದಿನ ಬ್ಯಾಟರಿ ಸುಡುವ ಕೆಲಸ ಮುಂದುವರಿಸುತ್ತದೆ. ಫ್ಯೂಸ್ ಇರಬೇಕಾದದ್ದು ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ, ಏಕೆಂದರೆ ಟರ್ಮಿನಲ್ ಮತ್ತು ಫ್ಯೂಸ್ ನಡುವಿನ ತುಂಡಿಗೆ ರಕ್ಷಣೆಯೇ ಇಲ್ಲ. 25 ಆಂಪಿಯರ್ ಚಾರ್ಜರಿಗೆ 40 ಆಂಪಿಯರ್ ಫ್ಯೂಸ್ ಸಾಮಾನ್ಯ, ಆದರೂ ಚಾರ್ಜರಿನ ಕೈಪಿಡಿಯ ಮಾತೇ ಅಂತಿಮ. ‘ಸ್ಟಾರ್ಟರಿನ ಕೇಬಲ್‌ಗೇ ಫ್ಯೂಸ್ ಇಲ್ಲ, ಇದಕ್ಕೇಕೆ’ ಎಂದು ಗ್ಯಾರೇಜಿನಲ್ಲಿ ಯಾರಾದರೂ ಕೇಳಿದರೆ, ಆ ಕೇಬಲ್ ಚಿಕ್ಕದು, ಕಂಪನಿಯೇ ಜಾಗ ನೋಡಿ ಕೂರಿಸಿದ್ದು ಎಂದು ಹೇಳಿ. ನಿಮ್ಮದು ಐದು ಮೀಟರ್, ಜನ ಕೂರುವ ಜಾಗದ ಅಡಿಯಲ್ಲಿ ಹಾದುಹೋಗುತ್ತದೆ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಷ್ ಇರಲಿ, ಸೈಲೆನ್ಸರ್ ಪೈಪಿನಿಂದ ದೂರವಿರಲಿ.

ನೆಗೆಟಿವ್ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಹೊಸ ಗಾಡಿಗಳ ನೆಗೆಟಿವ್ ಟರ್ಮಿನಲ್ ಮೇಲೆ ಪುಟ್ಟ ಕಪ್ಪು ಸೆನ್ಸರ್ ಇರಬಹುದು. ಬ್ಯಾಟರಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುವುದು ಅದು. ಹೊಸ ನೆಗೆಟಿವ್ ತಂತಿಯನ್ನು ನೇರ ಆ ಟರ್ಮಿನಲ್‌ಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ, ಬಾಡಿ ಅರ್ತ್ ಬೋಲ್ಟ್‌ಗೆ ಕಟ್ಟಬೇಕು.

ಕೆಲಸ ಶುರು ಮಾಡುವ ಮೊದಲು ಉಂಗುರ, ಕಡಗ ತೆಗೆದಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಕೂರಿಸುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಬಿಚ್ಚಿದ್ದರೆ ಪಾಸಿಟಿವ್‌ಗೆ ಹಾಕಿದ ಸ್ಪ್ಯಾನರ್ ಗಾಡಿಯ ಮೈಗೆ ತಾಗಿದರೂ ಕಿಡಿ ಬರುವುದಿಲ್ಲ. ಮುಗಿದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುವಾಗ ಎರಡನೇ ಬ್ಯಾಟರಿಯಲ್ಲಿ ವೋಲ್ಟೇಜ್ ಏರುತ್ತಾ ಹೋಗಿ ತುಂಬುವ ಹೊತ್ತಿಗೆ 14ರಿಂದ 14.4ರ ಹತ್ತಿರ ನಿಲ್ಲಬೇಕು, ಆರಿಸಿದ ಮೇಲೆ ಸ್ಟಾರ್ಟಿಂಗ್ ಬ್ಯಾಟರಿ ಫ್ರಿಜ್ ಓಡುತ್ತಿದ್ದರೂ 12.6ರ ಸುತ್ತ ಅಲ್ಲಾಡದೆ ನಿಲ್ಲಬೇಕು. ಅರ್ಧ ಗಂಟೆ ಓಡಿಸಿ ಲಗ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಯಾವುದಾದರೂ ಒಂದು ಮಾತ್ರ ಬಿಸಿಯಾಗಿದ್ದರೆ ಅದರ ಕ್ರಿಂಪ್ ಸರಿಯಿಲ್ಲ.

ವಾರಂಟಿ, ವಿಮೆ, ಹಳೆಯ ಬ್ಯಾಟರಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡುಗಳಿಗೆ ಕಡಿವಾಣ ಹಾಕುತ್ತದೆ. ಆದ್ದರಿಂದ ಬ್ಯಾಟರಿ ಕೂರಿಸಲು ಚಾಸಿಸ್ ಕೊರೆಯುವುದು, ಬೆಸುಗೆ ಹಾಕುವುದು ಬೇಡ. ವಾರಂಟಿ ಇರುವ ಗಾಡಿಯ ಮೂಲ ವೈರಿಂಗ್ ಕತ್ತರಿಸಬೇಡಿ, ವಿಮಾ ಕಂಪನಿಗೆ ಮೊದಲೇ ಬರಹದಲ್ಲಿ ತಿಳಿಸಿ. ಬೆಂಕಿ ಬಿದ್ದ ಮೇಲೆ ಮೊದಲು ಹುಡುಕುವುದು ಹೊರಗಿನವರು ಎಳೆದ ತಂತಿಯನ್ನೇ.

ಹೊಸದು ತಂದಾಗ ಮೂಲೆ ಸೇರುವ ಹಳೆಯ ಸೀಸದ ಬ್ಯಾಟರಿಯನ್ನು ಮಕ್ಕಳು ಓಡಾಡುವ ಕಡೆ ಇಡಬೇಡಿ, ಆಮ್ಲವನ್ನು ಚರಂಡಿಗೆ ಸುರಿಯಬೇಡಿ. ಸೀಸದ ಧೂಳು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಒಂದಿಷ್ಟು ಕಡಿಮೆಯೂ ಮಾಡಿಕೊಳ್ಳುತ್ತಾರೆ.